ಬಂಜರು ಎಂದು ಬರೆಯುವ ಮುನ್ನ



ನಮ್ಮ ಕಂದಾಯ ದಾಖಲೆಗಳಲ್ಲಿ ನೆಲಕ್ಕೆ ಎಷ್ಟೊಂದು ಹೆಸರುಗಳಿವೆ! ತರಿ, ಖುಷ್ಕಿ, ಬಾಗಾಯ್ತು, ಗೋಮಾಳ, ಕಾವಲು, ಬೀಳು, ಖರಾಬು, ಬಂಜರು. ತರಿ ಎಂದರೆ ನೀರುಂಡು ಬೆಳೆಯುವ ಗದ್ದೆ. ಖುಷ್ಕಿ ಎಂದರೆ ಮುಗಿಲನ್ನೇ ನೆಚ್ಚಿದ ಹೊಲ. ಬಾಗಾಯ್ತು ಎಂದರೆ ತೋಟ. ಈ ಹೆಸರುಗಳು ನೆಲ ಏನು ಮಾಡುತ್ತದೆ ಎಂಬುದನ್ನು ಹೇಳುತ್ತವೆ. ಆದರೆ ಖರಾಬು, ಬಂಜರು ಎಂಬ ಮಾತುಗಳು ನೆಲವನ್ನು ವರ್ಣಿಸುವುದಿಲ್ಲ, ಅದರ ಮೇಲೆ ತೀರ್ಪು ಕೊಡುತ್ತವೆ. ಬ್ರಿಟಿಷರ ಕಾಲದ ಕಂದಾಯ ಪದ್ಧತಿಯಲ್ಲಿ ಬೊಕ್ಕಸಕ್ಕೆ ಕಂದಾಯ ತಾರದ ನೆಲವೆಲ್ಲ ವ್ಯರ್ಥ ನೆಲವೇ ಆಗಿತ್ತು. ಆಳುವವರು ಬದಲಾದರು, ಮಾತು ಮಾತ್ರ ಉಳಿದುಕೊಂಡಿತು. ಒಣಸೀಮೆಯ ನೆಲವನ್ನೂ ಅಲ್ಲಿ ಬದುಕುವವರ ಕ್ಷೇಮವನ್ನೂ ನಾವು ಹೇಗೆ ಅಳೆಯುತ್ತಿದ್ದೇವೆ, ಹೇಗೆ ಅಳೆಯಬೇಕು ಎಂಬ ವಿಚಾರವನ್ನು ಇಂದು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ದಾಖಲೆಯಲ್ಲಿ ಬಂಜರು ಎಂದು ಬರೆದ ನೆಲವನ್ನು ಯಾರಿಗಾದರೂ ಕೊಟ್ಟುಬಿಡುವುದು ಸುಲಭ. ಅದರಿಂದ ಕಳೆದುಕೊಂಡವರು ಯಾರು ಎಂದು ಕೇಳುವವರೇ ಇರುವುದಿಲ್ಲ.

ಮೊದಲು ಒಣಸೀಮೆ ಎಂದರೇನು ಎಂಬುದನ್ನು ನೋಡೋಣ. ಮಳೆ ಕಡಿಮೆ ಎಂದಷ್ಟೇ ಹೇಳಿದರೆ ಸಾಲದು. ಒಂದು ಸೀಮೆಯಲ್ಲಿ ವರ್ಷಕ್ಕೆ ಸುರಿಯುವ ಮಳೆಯನ್ನು, ಅಲ್ಲಿನ ಬಿಸಿಲು ಗಾಳಿಗಳು ಆವಿಯಾಗಿಸಬಲ್ಲ ನೀರಿನ ಪ್ರಮಾಣದಿಂದ ಭಾಗಿಸುತ್ತಾರೆ. ಆ ಭಾಗಲಬ್ಧ 0.65ಕ್ಕಿಂತ ಕಡಿಮೆಯಾದರೆ ಅದು ಒಣಸೀಮೆ, 0.20ರಿಂದ 0.50ರ ನಡುವೆ ಇದ್ದರೆ ಅರೆಶುಷ್ಕ. ಅದಕ್ಕೂ ಕೆಳಗಿಳಿದರೆ ಶುಷ್ಕ. ಮುಗಿಲು ಕೊಡುವುದೆಷ್ಟು, ಬಿಸಿಲು ಕಸಿಯುವುದೆಷ್ಟು ಎಂಬ ಲೆಕ್ಕವಿದು. ಭಾರತದ ಬಿಸಿ ಶುಷ್ಕ ಪ್ರದೇಶದ ಬಹುಭಾಗ ರಾಜಸ್ಥಾನ, ಗುಜರಾತುಗಳಲ್ಲಿದೆಯಾದರೂ ಕರ್ನಾಟಕದಲ್ಲಿಯೂ ಸುಮಾರು 8,500 ಚದರ ಕಿಲೋಮೀಟರುಗಳಷ್ಟು ನೆಲ ಆ ಪಟ್ಟಿಗೆ ಸೇರಿದೆ. ಅದರ ಸುತ್ತ ಅರೆಶುಷ್ಕ ಬಯಲುಸೀಮೆ ಹರಡಿಕೊಂಡಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಇದೇ ರಾಜ್ಯದಲ್ಲಿ, ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡಗಳ ಜನ 500 ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಸಂಸಾರ ನಡೆಸಬೇಕಾಗಿದೆ. ಅದೂ ಬರುವ ಕಾಲಕ್ಕೆ ಬಂದರೆ!

ಈ ನೆಲವನ್ನು ಅಳೆಯುವ ಸರ್ಕಾರಿ ಪ್ರಯತ್ನಗಳು ಇಲ್ಲದಿಲ್ಲ. 2019ರಲ್ಲಿ ಪ್ರಕಟವಾದ ಬಂಜರು ಭೂಮಿಯ ಭೂಪಟ ಸಂಪುಟವು ದೇಶದ ಶೇಕಡಾ 17ರಷ್ಟು ನೆಲವನ್ನು ಬಂಜರೆಂದು ಎಣಿಸಿತು. ಅಹಮದಾಬಾದಿನ ಬಾಹ್ಯಾಕಾಶ ಬಳಕೆ ಕೇಂದ್ರವು ಉಪಗ್ರಹ ಚಿತ್ರಗಳ ಆಧಾರದಿಂದ ಸಿದ್ಧಪಡಿಸಿ 2021ರಲ್ಲಿ ಹೊರತಂದ ಸಂಪುಟದ ಪ್ರಕಾರ ದೇಶದ 9 ಕೋಟಿ 78 ಲಕ್ಷ ಹೆಕ್ಟೇರ್, ಎಂದರೆ ಶೇಕಡಾ 29.77ರಷ್ಟು ನೆಲ, ಸವಕಳಿಗೆ ಈಡಾಗಿದೆ. ಅದೇ ಕೇಂದ್ರದ ಹಿಂದಿನ ಸಂಪುಟದಲ್ಲಿ ಕರ್ನಾಟಕದ ಪಾಲು ರಾಜ್ಯದ ವಿಸ್ತೀರ್ಣದ ಸುಮಾರು ಶೇಕಡಾ 36ರಷ್ಟಿತ್ತು. ಇವು ಪರಿಶ್ರಮದ ಕೆಲಸಗಳು, ಅಗತ್ಯವಾದವೂ ಹೌದು. ಆದರೆ ಬಂಜರು ಭೂಮಿಯ ಪಟ್ಟಿಯೊಳಗೆ ಕುರುಚಲು ಭೂಮಿ, ಕ್ಷೀಣಿಸಿದ ಹುಲ್ಲುಗಾವಲು ಮುಂತಾದ ವರ್ಗಗಳೂ ಸೇರಿವೆ ಎಂಬುದನ್ನು ಗಮನಿಸಿ. ಕುರುಚಲು ಇರುವುದು ಆ ನೆಲದ ದೋಷವೇ? ಅಷ್ಟು ಮಳೆಗೆ ಅಲ್ಲಿ ಬೆಳೆಯಬೇಕಾದದ್ದೇ ಕುರುಚಲು ಮತ್ತು ಹುಲ್ಲು. ಕೃಷ್ಣಮೃಗಕ್ಕೆ, ತೋಳಕ್ಕೆ, ಎರೆಭೂತ ಹಕ್ಕಿಗೆ ದಟ್ಟಡವಿ ಬೇಡ, ಬಯಲೇ ಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದಾಗ ಸರ್ಕಾರವೇ ಈ ಸತ್ಯವನ್ನು ಒಪ್ಪಿಕೊಂಡಂತಾಯಿತು.

ನೆಲದ ಲೆಕ್ಕ ಮತ್ತು ಜನರ ಲೆಕ್ಕ ಬೇರೆ ಬೇರೆಯಲ್ಲ ಎಂಬ ಮಾತಿಗೆ ವಿಶ್ವಮಟ್ಟದಲ್ಲಿ ಒಂದು ರೂಪ ದೊರೆತದ್ದು ಈ ಶತಮಾನದ ಆರಂಭದಲ್ಲಿ. ವಿಶ್ವಸಂಸ್ಥೆಯ ಅಂದಿನ ಮಹಾಪ್ರಧಾನ ಕಾರ್ಯದರ್ಶಿ ಕೋಫಿ ಅನ್ನಾನ್ ಅವರ ಕರೆಯ ಮೇರೆಗೆ 2001ರಲ್ಲಿ ಆರಂಭವಾದ ಸಹಸ್ರಮಾನದ ಪರಿಸರ ವ್ಯವಸ್ಥೆಗಳ ಮೌಲ್ಯಮಾಪನದಲ್ಲಿ 95 ದೇಶಗಳ ಸುಮಾರು 1,360 ತಜ್ಞರು ಪಾಲ್ಗೊಂಡರು. 2005ರಲ್ಲಿ ಅದರ ವರದಿಗಳು ಹೊರಬಂದವು. ಭೂಮಿಯ ನೆಲಭಾಗದಲ್ಲಿ ಶೇಕಡಾ 41ರಷ್ಟು ಒಣಸೀಮೆಯೇ ಎಂದೂ, ಅಲ್ಲಿ 200 ಕೋಟಿಗೂ ಹೆಚ್ಚು ಜನ ಬದುಕುತ್ತಿದ್ದಾರೆಂದೂ ಅದು ಹೇಳಿತು. ನಿಸರ್ಗದಿಂದ ನಾವು ಪಡೆಯುವುದು ಆಹಾರ, ನೀರು, ಮೇವು, ಸೌದೆಗಳಷ್ಟೇ ಅಲ್ಲ. ನೀರಿಂಗುವುದು, ಮಣ್ಣು ಉಳಿಯುವುದು, ಜಾತ್ರೆ ಹಬ್ಬ ನಂಬಿಕೆಗಳಿಗೆ ಆಸರೆಯಾಗುವುದು ಇವೂ ನಿಸರ್ಗದ ಸೇವೆಗಳೇ ಎಂದು ವಿಂಗಡಿಸಿತು. ಮನುಷ್ಯನ ಕ್ಷೇಮವನ್ನೂ ಹಣದಿಂದ ಮಾತ್ರ ಅಳೆಯದೆ ಐದು ಅಂಗಗಳಾಗಿ ಕಂಡಿತು: ಬದುಕಿಗೆ ಬೇಕಾದ ಮೂಲ ಸಾಮಗ್ರಿ, ಆರೋಗ್ಯ, ಭದ್ರತೆ, ಒಳ್ಳೆಯ ಸಾಮಾಜಿಕ ಸಂಬಂಧ, ತನ್ನ ಬದುಕನ್ನು ತಾನೇ ಆಯ್ದುಕೊಳ್ಳುವ ಸ್ವಾತಂತ್ರ್ಯ. ಕೊನೆಯದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಬಡವನಿಗೆ ಅನ್ನ ಕೊಟ್ಟರೆ ಸಾಕೆಂದು ಬಗೆಯುವವರೇ ಹೆಚ್ಚಿರುವ ಲೋಕದಲ್ಲಿ, ಅವನ ಆಯ್ಕೆಯೂ ಅವನ ಸಂಪತ್ತು ಎಂದು ಒಂದು ವರದಿ ಒಪ್ಪಿತಲ್ಲ!

ಈ ಐದು ಅಂಗಗಳನ್ನಿಟ್ಟುಕೊಂಡು ಚಳ್ಳಕೆರೆಯ ಕಾವಲುಗಳನ್ನು ನೋಡೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಸೈನ್ಯದ ಫಿರಂಗಿಗಳನ್ನೂ ಸಾಮಗ್ರಿಯನ್ನೂ ಎಳೆಯುತ್ತಿದ್ದ ಆ ಹಸುಕರುಗಳ ಮೇವಿಗಾಗಿ ಹುಲ್ಲುಗಾವಲುಗಳನ್ನು ಕಾದಿರಿಸಲಾಯಿತು. ಅವುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂಬ ವಿಂಗಡಣೆಯಿತ್ತು. ಯಾವ ನೆಲದಲ್ಲಿ ಯಾವ ತಿಂಗಳು ಹುಲ್ಲು ಮತ್ತು ನೀರು ಇರುತ್ತವೆ ಎಂಬುದನ್ನು ಅರಿತು, ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಇದಕ್ಕಿಂತ ಒಳ್ಳೆಯ ನೆಲದ ಮೌಲ್ಯಮಾಪನ ಯಾವುದಿದೆ? ಉಪಗ್ರಹವಿಲ್ಲದ ಕಾಲದಲ್ಲಿ ನೆಲವನ್ನು ಋತುವಿನ ಜೊತೆಗಿಟ್ಟು ಓದಿದ ಜನ ಅವರು.

ರಾಜರ ದನಗಳ ಕಾಲ ಮುಗಿದ ಮೇಲೆ ಆ ಬಯಲುಗಳಲ್ಲಿ ಉಳಿದವರು ಸುತ್ತಲ ಹಳ್ಳಿಯವರು. ಕುರುಬರ ಕುರಿಗಳು, ಗೊಲ್ಲರಹಟ್ಟಿಗಳ ಆಡುಕುರಿಗಳು, ಮ್ಯಾಸನಾಯಕರ ದೇವರ ಎತ್ತುಗಳು. ದೇವರ ಎತ್ತುಗಳ ವಿಷಯ ಹೊಸಬರಿಗೆ ಅಚ್ಚರಿಯೆನಿಸೀತು. ಅವುಗಳನ್ನು ನೊಗಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಿಲಾರಿ ಅವುಗಳೊಂದಿಗೆ ಬಯಲಿನಲ್ಲಿ ಬದುಕುತ್ತಾನೆ. ಕಾವಲು ಇಲ್ಲದೆ ಆ ದೇವರೂ ಇಲ್ಲ. ಚಳ್ಳಕೆರೆಯ ಕರಿಯ ಕಂಬಳಿಯ ಹಿಂದೆಯೂ ಇದೇ ಹುಲ್ಲಿದೆ. ಹೆಂಗಸರು ಉಣ್ಣೆ ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗಂಡಸರು ಮಗ್ಗದಲ್ಲಿ ನೇಯ್ದ ಆ ಕಂಬಳಿ ಒಂದು ಮಳೆಗಾಲವನ್ನಲ್ಲ, ಒಂದು ತಲೆಮಾರನ್ನು ಕಾಯುತ್ತಿತ್ತು. ಮುಂಗಾರಿನ ಶೇಂಗಾ ಕೈಕೊಟ್ಟ ವರ್ಷ ನಾಲ್ಕು ಕುರಿ ಮಾರಿ ಸಾಲಗಾರನ ಬಾಗಿಲಿಗೆ ಹೋಗದೆ ಉಳಿದ ಮನೆಗಳು ನನಗೆ ಗೊತ್ತು. ಸುಗ್ಗಿಯ ನಂತರ ಕುರಿಮಂದೆ ನಿಲ್ಲಿಸಿಕೊಂಡು ಗೊಬ್ಬರ ಪಡೆದ ರೈತ, ಪ್ರತಿಯಾಗಿ ಕುರಿಗಾಹಿಗೆ ಕಾಳು ಅಳೆದುಕೊಟ್ಟ ಸಂಬಂಧವೂ ನನಗೆ ಗೊತ್ತು. ಮೂಲ ಸಾಮಗ್ರಿ, ಭದ್ರತೆ, ಸಾಮಾಜಿಕ ಸಂಬಂಧ ಎಂದು ವರದಿ ಹೇಳುವುದು ಇದನ್ನೇ ಅಲ್ಲವೇ? ಈ ಯಾವುದೂ ಪಹಣಿಯಲ್ಲಿ ಬರೆಯಲ್ಪಡುವುದಿಲ್ಲ.

2008ರ ನಂತರದ ಕೆಲವು ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು ಮುಂತಾದೆಡೆ ಸುಮಾರು 10,000 ಎಕರೆ ನೆಲವನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಒಂದು ಖಾಸಗಿ ಸೌರ ವಿದ್ಯುತ್ ಸಂಸ್ಥೆಗೂ ಹಂಚಲಾಯಿತು. ಹಳ್ಳಿಯ ಜನ ಪ್ರತಿಭಟಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರಲ್ಲಿ ತೀರ್ಪು ಬಂದಿತು, ಯೋಜನೆಗಳು ಮುಂದುವರಿದವು. 2017ರಲ್ಲಿ ಅಲ್ಲಿ ವೈಮಾನಿಕ ಪರೀಕ್ಷಾ ಕ್ಷೇತ್ರದ ಉದ್ಘಾಟನೆಯಾಯಿತು. 2023 ಮತ್ತು 2024ರಲ್ಲಿ ಇಸ್ರೋದ ಮರುಬಳಕೆಯ ವಾಹನ ಅದೇ ರನ್‌ವೇಯಲ್ಲಿ ತಾನಾಗಿ ಬಂದಿಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದಲ್ಲಿ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆ ವಾಹನ ಇಳಿದ ದಿನ ನಿಮ್ಮಲ್ಲಿ ಕೆಲವರು ನನಗೆ ಸಂತೋಷದಿಂದ ದೂರವಾಣಿ ಮಾಡಿದಿರಿ, ನಾನೂ ಸಂತೋಷಪಟ್ಟೆ. ನನ್ನ ಆಕ್ಷೇಪ ವಿಜ್ಞಾನದ ಮೇಲಲ್ಲ. ಕೊಡುವ ಮುನ್ನ ಆ ನೆಲವು ಯಾರಿಗೆ ಏನನ್ನು ಕೊಡುತ್ತಿದೆ ಎಂಬ ಲೆಕ್ಕವನ್ನು ಹಳ್ಳಿಯವರೊಡನೆ ಕುಳಿತು ಬರೆಯಬೇಕಿತ್ತು. ಗೋಡೆ ಎದ್ದ ಮೇಲೆ ಲೆಕ್ಕ ಕೇಳಿದರೆ ಫಲವಿಲ್ಲ. ರಾಷ್ಟ್ರಕ್ಕೆ ಆದ ಲಾಭದ ಪುಟ ತುಂಬಿದೆ. ಕುರಿಗಾಹಿಗೆ ಆದ ನಷ್ಟದ ಪುಟ ಖಾಲಿ ಉಳಿದಿದೆ. ಖಾಲಿ ಪುಟ ಎಂದರೆ ನಷ್ಟವೇ ಇಲ್ಲ ಎಂದಲ್ಲ.

ಇನ್ನು ಪಾವಗಡಕ್ಕೆ ಬರೋಣ. ತಿರುಮಣಿ, ಬಳಸಮುದ್ರ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. 2018ರಲ್ಲಿ ಮೊದಲ ಹಂತ ಆರಂಭವಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿ ಒಂದು ಮೆಚ್ಚತಕ್ಕ ಅಂಶವುಂಟು: ರೈತರ ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆಯ ಕರಾರಿನಲ್ಲಿ ಗುತ್ತಿಗೆಗೆ ಪಡೆದರು. ಹತ್ತೆಕರೆ ಇದ್ದವನಿಗೆ ಮಳೆ ಬರಲಿ ಬಿಡಲಿ ವರ್ಷಕ್ಕೆ 2,10,000 ರೂಪಾಯಿ ನಿಶ್ಚಿತ. ಮೇಲಿಂದ ಮೇಲೆ ಶೇಂಗಾ ಕಳೆದುಕೊಂಡ ರೈತನಿಗೆ ಇದು ದೊಡ್ಡ ಭದ್ರತೆಯೇ ಸರಿ. ಆದರೆ ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಹೆಂಗಸಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಅವಳ ಹೆಸರಿನಲ್ಲಿ ನೆಲವಿಲ್ಲ. ಸುಗ್ಗಿಯಾದ ಹೊಲಕ್ಕೆ ಕುರಿ ಬಿಡುತ್ತಿದ್ದವನಿಗೆ ಬೇಲಿ ಅಡ್ಡ ಬಂದಿತು. ಎಕರೆಯ ಲೆಕ್ಕದಲ್ಲಿ ಕ್ಷೇಮವನ್ನು ಅಳೆದರೆ ಎಕರೆ ಇಲ್ಲದವರ ಕ್ಷೇಮ ಸೊನ್ನೆಯಾಗುತ್ತದೆ. ಸರಾಸರಿ ಎಂಬುದು ಎಷ್ಟು ಮೋಸದ ಸಂಖ್ಯೆ ಎಂಬುದನ್ನು ಗಣಿತದ ತರಗತಿಯಲ್ಲಿ ಕಲಿತ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪಾವಗಡದ ನೀರಿನ ಮಾತು ಬಿಟ್ಟರೆ ಈ ಬರಹ ಅಪೂರ್ಣವಾದೀತು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಏರಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಕಂದು ಗೆರೆಗಳನ್ನು ತರಗತಿಯಲ್ಲಿ ನಾನು ಎಷ್ಟೋ ವರ್ಷ ನೋಡಿದ್ದೇನೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಹುಡುಗಿಯರು ಇಂದು ತಾಯಂದಿರಾಗಿದ್ದಾರೆ. ಕೆರೆಗಳಲ್ಲಿ ನೀರು ನಿಂತು ಮೇಲ್ಪದರದ ಬಾವಿಗಳು ತುಂಬಿರುತ್ತಿದ್ದ ಕಾಲದಲ್ಲಿ ಅಷ್ಟು ಆಳದ ನೀರನ್ನು ಯಾರೂ ಕುಡಿಯಬೇಕಾಗಿರಲಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದು ಜನ ಇಂದಿಗೂ ನೆನೆಯುವುದು ಸುಮ್ಮನೆ ಅಲ್ಲ. ಒಣಸೀಮೆಯಲ್ಲಿ ಕೆರೆ ಕಟ್ಟುವುದು, ಹೂಳೆತ್ತುವುದು ಆರೋಗ್ಯದ ಕೆಲಸವೂ ಹೌದು.

ನಾನು ಪಾಠ ಹೇಳಿದ ಶಾಲೆಗಳಲ್ಲಿ ನೆಲದ ಆರೋಗ್ಯವನ್ನು ನನಗೆ ತಿಳಿಸುತ್ತಿದ್ದ ದಾಖಲೆಯೊಂದಿತ್ತು, ಅದು ಹಾಜರಿ ಪುಸ್ತಕ. ಶೇಂಗಾ ಚೆನ್ನಾಗಿ ಬಂದ ವರ್ಷ ದೀಪಾವಳಿಯ ನಂತರವೂ ತರಗತಿ ತುಂಬಿರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಕಾರ್ತಿಕ ಮುಗಿಯುವ ಮುನ್ನವೇ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತಿದ್ದವು. ವಿಚಾರಿಸಿದರೆ ತಂದೆತಾಯಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಇಲ್ಲವೆ ಕಾಫಿ ತೋಟಗಳಿಗೆ ಗುಳೆ ಹೋಗಿದ್ದಾರೆ, ಮಕ್ಕಳೂ ಜೊತೆಗೆ. ಆದರೆ ಊರ ಪಕ್ಕದಲ್ಲಿ ಕಾವಲಿದ್ದು, ಮನೆಯಲ್ಲಿ ಹತ್ತಿಪ್ಪತ್ತು ಕುರಿಗಳಿದ್ದ ಮಕ್ಕಳ ಹೆಸರಿನ ಮುಂದೆ ಆ ಗುರುತು ತಡವಾಗಿ ಬೀಳುತ್ತಿತ್ತು. ಅಪ್ಪ ಮಂದೆಯೊಂದಿಗೆ ದೂರ ಹೋದರೂ ಅಜ್ಜಿ, ತಾಯಿ, ಮಕ್ಕಳು ಹಟ್ಟಿಯಲ್ಲೇ ಉಳಿಯುತ್ತಿದ್ದರು. ಹುಲ್ಲುಗಾವಲು ಒಂದು ಮಗುವನ್ನು ಇನ್ನೆರಡು ತಿಂಗಳು ಶಾಲೆಯಲ್ಲಿ ಇರಿಸಬಲ್ಲುದು ಎಂಬುದನ್ನು ಯಾವ ಭೂಪಟ ತೋರಿಸೀತು? ಆದ್ದರಿಂದಲೇ ನನ್ನ ಅಭಿಪ್ರಾಯ: ಒಣಸೀಮೆಯ ನೆಲವನ್ನು ಒಳ್ಳೆಯ ಮಳೆಯ ವರ್ಷದ ಫಸಲಿನಿಂದ ಅಳೆಯಬಾರದು. ಬರದ ವರ್ಷ ಅದು ಎಷ್ಟು ಮನೆಗಳ ಬಾಗಿಲಿಗೆ ಬೀಗ ಬೀಳದಂತೆ ತಡೆಯಿತು ಎಂಬುದರಿಂದ ಅಳೆಯಬೇಕು.

ಜನರ ಕ್ಷೇಮವನ್ನು ಅಳೆಯುವ ಶ್ರಮ ನಮ್ಮ ರಾಜ್ಯದಲ್ಲಿಯೂ ನಡೆದಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯಗಳ ಹಲವು ಸೂಚಕಗಳನ್ನು ಒಟ್ಟುಗೂಡಿಸಿತು. ಪ್ರಾದೇಶಿಕ ಅಸಮಾನತೆಯ ಚರ್ಚೆಗೆ ಅದು ಗಟ್ಟಿಯಾದ ತಳಹದಿ ಹಾಕಿಕೊಟ್ಟ ಮಹತ್ವದ ಕೆಲಸ. ಆದರೆ ಇಂಥ ಸೂಚ್ಯಂಕಗಳು ಸ್ವಭಾವತಃ ಒಂದು ತಾಲ್ಲೂಕಿನಲ್ಲಿ ಏನಿಲ್ಲ ಎಂಬುದನ್ನು ಎಣಿಸುತ್ತವೆ. ಏನಿದೆ ಎಂದು ಎಣಿಸುವ ಇನ್ನೊಂದು ಪುಸ್ತಕವೂ ಅದರ ಜೊತೆಗೆ ಬೇಕು. ಇಲ್ಲವಾದರೆ ಇಲ್ಲದ್ದನ್ನು ತರುವ ಭರದಲ್ಲಿ ಇದ್ದದ್ದು ಕಳೆದುಹೋದದ್ದು ಯಾರಿಗೂ ತಿಳಿಯುವುದಿಲ್ಲ.

ಮೇಷ್ಟ್ರು ಹಳೆಯದನ್ನೆಲ್ಲ ಹೊಗಳುತ್ತಾರೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾವಲುಗಳು ಸ್ವರ್ಗವಾಗಿರಲಿಲ್ಲ. ಒತ್ತುವರಿ ಮಾಡಿದವರಲ್ಲಿ ಊರಿನವರೂ ಇದ್ದರು. ಅಂಕೆಯಿಲ್ಲದೆ ಮೇಯಿಸಿ ಹುಲ್ಲಿನ ಬೇರು ಉಳಿಯದಂತಾದ ಕಡೆಗಳೂ ಉಂಟು. ಹಸಿರು ಮಾಡುವ ಹಂಬಲದಿಂದ ಹೊರದೇಶದಿಂದ ತಂದ ಬಳ್ಳಾರಿ ಜಾಲಿ ಕೆರೆಯಂಗಳಗಳನ್ನೂ ಗೋಮಾಳಗಳನ್ನೂ ನುಂಗಿತು. ಕುರಿಗಾಹಿಯ ಮಗ ಕುರಿಗಾಹಿಯಾಗಿಯೇ ಇರಬೇಕೆಂದು ನಾನು ಎಂದೂ ಬಯಸಿದವನಲ್ಲ. ಹಾಗೆ ಬಯಸಿದ್ದರೆ ಮೇಷ್ಟ್ರಾಗುತ್ತಿರಲಿಲ್ಲ. ನೀರಾವರಿಯೂ ಬೇಕು. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರು ಸೀಮೆಯ ಸಂಭ್ರಮವನ್ನು ನೀವೆಲ್ಲ ಕಂಡಿದ್ದೀರಿ. ಆದರೆ ಅದೇ ಸಂಗತಿ ಇನ್ನೊಂದು ಪಾಠವನ್ನೂ ಹೇಳುತ್ತದೆ: ಕೋಡಿ ಬೀಳಲು ಎಂಬತ್ತೊಂಬತ್ತು ವರ್ಷ ಕಾಯಬೇಕಾಗಿ ಬಂದ ಸೀಮೆಯ ಬದುಕನ್ನು ತುಂಬಿದ ವರ್ಷದ ಲೆಕ್ಕದಲ್ಲಿ ರೂಪಿಸಲಾಗದು. ನೀರು ಬಂದ ಕಡೆ ಅಡಿಕೆ ಬರುತ್ತದೆ, ಅಡಿಕೆಗಾಗಿ ಮತ್ತೆ ಕೊಳವೆಬಾವಿ ಬರುತ್ತದೆ. ಆ ದಾರಿಯ ಕೊನೆಯಲ್ಲಿ ಏನಿದೆ ಎಂಬುದನ್ನು ಪಾವಗಡದ ಹಲ್ಲುಗಳು ಹೇಳಿವೆ.

ಹಾಗಾದರೆ ಮಾಡಬೇಕಾದದ್ದೇನು? ದಾರಿ ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರ ತಿಳಿವಳಿಕೆಯಿಂದಲೇ ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಳಕೆಗಳ ದಾಖಲೆ ಸಿದ್ಧವಾಗಬೇಕು. ಆ ದಾಖಲೆ ಕಪಾಟಿಗೆ ಸೇರುವ ಕಾಗದವಾಗದೆ ಊರಿನ ನಿಜವಾದ ಲೆಕ್ಕಪುಸ್ತಕವಾಗಬೇಕು. ಯಾವ ಬಯಲಿನಲ್ಲಿ ಯಾವ ತಿಂಗಳು ಯಾರ ದನಕುರಿ ಮೇಯುತ್ತವೆ, ಈಚಲು ಗರಿ ಕೊಯ್ದು ಪೊರಕೆ ಕಟ್ಟುವವರು ಯಾರು, ಸೌದೆ ಆರಿಸುವವರು ಯಾರು, ಬರದ ವರ್ಷ ಯಾರು ಉಳಿದರು, ಯಾರು ಗುಳೆ ಹೋದರು, ಇವೆಲ್ಲ ಅದರಲ್ಲಿ ಬರಬೇಕು. ಕನಿಷ್ಠ ಹತ್ತು ವರ್ಷಗಳ ಲೆಕ್ಕವಿರಬೇಕು, ಅದರಲ್ಲಿ ಬರದ ವರ್ಷಗಳು ಎದ್ದು ಕಾಣಬೇಕು. ಗೋಮಾಳ, ಕಾವಲುಗಳ ಬಳಕೆ ಬದಲಿಸುವ ಯಾವುದೇ ಕಡತಕ್ಕೆ ಈ ಪುಸ್ತಕವನ್ನು ಲಗತ್ತಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದ ನಂತರವೇ ಸಹಿ ಬೀಳಬೇಕು. ಆಮೇಲೂ ರಾಷ್ಟ್ರದ ಅಗತ್ಯವೇ ದೊಡ್ಡದೆಂದು ತೀರ್ಮಾನವಾದರೆ ಆಗಲಿ. ಆದರೆ ಕಳೆದುಕೊಳ್ಳುವವರ ಹೆಸರು ಗೊತ್ತಿದ್ದು, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಘೋಷಣೆಗಳಿಂದ ಹುಲ್ಲು ಚಿಗುರುವುದಿಲ್ಲ ಎಂಬುದು ನಿಜ. ಆದರೂ ಈ ನೆಪದಲ್ಲಾದರೂ ಬಂಜರು ಎಂಬ ಪದವನ್ನು ಪುನಃ ಪರಿಶೀಲಿಸಬಹುದು.

ನಿಮ್ಮಲ್ಲಿ ಗ್ರಾಮ ಲೆಕ್ಕಿಗರಿದ್ದೀರಿ, ಭೂಮಾಪಕರಿದ್ದೀರಿ, ಎಂಜಿನಿಯರುಗಳಿದ್ದೀರಿ, ಶಿಕ್ಷಕರಂತೂ ಬಹಳ ಮಂದಿ. ನಿಮ್ಮ ಮೇಜಿನ ಮೇಲೆ ಯಾವುದಾದರೂ ಸರ್ವೆ ನಂಬರಿನ ಎದುರು ಬಂಜರು ಎಂಬ ಮಾತು ಕಂಡಾಗ ಒಂದು ಸಂಜೆ ಆ ನೆಲಕ್ಕೆ ಹೋಗಿ ಬನ್ನಿ. ದನಕುರಿ ಹಟ್ಟಿಗೆ ಮರಳುವ ಹೊತ್ತಿಗೆ ಹೋದರೆ ಒಳ್ಳೆಯದು, ಉತ್ತರ ಕೊಡಬಲ್ಲವರು ಆಗ ಸಿಗುತ್ತಾರೆ. ಪರದೇಶದಲ್ಲಿರುವವರು ಊರಿಗೆ ದೂರವಾಣಿ ಮಾಡಿದಾಗ ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮೂರ ಗೋಮಾಳ ಎಷ್ಟಿತ್ತು, ಈಗೆಷ್ಟಿದೆ, ಅಲ್ಲಿ ಏನೇನು ಸಿಗುತ್ತಿತ್ತು? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನನಗೆ ಕಳುಹಿಸಿದರೆ ಊರಿನ ಹೆಸರಿನ ಸಮೇತ ಇಲ್ಲಿಯೇ ಪ್ರಕಟಿಸುತ್ತೇನೆ. ಬರೆದಿಡುವ ಕೆಲಸಕ್ಕೆ ಹೆಚ್ಚು ಸಮಯವಿಲ್ಲ. ಬಲ್ಲವರು ಒಬ್ಬೊಬ್ಬರಾಗಿ ಹೊರಟುಹೋಗುತ್ತಿದ್ದಾರೆ.

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮೇಷ್ಟ್ರು